ಕಾನಿನ ಪಹಣಿ ಯಾರ ಹೆಸರಲ್ಲಿ?

ಇವತ್ತಿನ ಎಪಿಸೋಡ್ ಕಾಡಿನ ಬಗ್ಗೆ. ಆದ್ರೆ ಟ್ರೆಕ್ಕಿಂಗ್, ಜಲಪಾತ, ಡ್ರೋನ್ ಶಾಟ್ ಯಾವುದೂ ಇಲ್ಲ. ಇದು ಒಂದು ಪರ್ಮಿಶನ್ ಕಥೆ. ಮರ ಕಡಿಯೋಕೆ ಯಾರನ್ನ ಕೇಳಬೇಕು ಅನ್ನೋ ಪ್ರಶ್ನೆಯ ಕಥೆ. ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ತಾಲ್ಲೂಕಿನ ಸುತ್ತಮುತ್ತ ನಡೆಯುತ್ತೆ. ಇಯರ್‌ಫೋನ್ ಹಾಕ್ಕೊಳ್ಳಿ, ಶುರು ಮಾಡೋಣ.

ವರ್ಷ 1801. ಟಿಪ್ಪು ಸುಲ್ತಾನ್ ತೀರಿಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಕೆನರಾ ಅಂದ್ರೆ ಇವತ್ತಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಹೊಸದಾಗಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಿದೆ. ಹೊಸ ಅಂಗಡಿ ಕೊಂಡವರು ಮೊದಲು ಏನ್ ಮಾಡ್ತಾರೆ? ಸ್ಟಾಕ್ ಲೆಕ್ಕ ತೆಗೀತಾರೆ. ಕಂಪನಿಯೂ ಅದನ್ನೇ ಮಾಡ್ತು. ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯನನ್ನ ಕಳಿಸಿತು. ಯಾವ ಊರಲ್ಲಿ ಏನ್ ಬೆಳೀತಾರೆ, ಎಷ್ಟು ಅಡಿಕೆ, ಎಷ್ಟು ಮೆಣಸು, ಯಾರು ಎಷ್ಟು ತೆರಿಗೆ ಕೊಡ್ತಾರೆ, ಎಲ್ಲಾ ಬರ್ಕೊಂಡು ಬಾ ಅಂತ. ಆತ ದಕ್ಷಿಣದಿಂದ ಕರಾವಳಿ ಹಿಡಿದು ಭಟ್ಕಳ, ಹೊನ್ನಾವರ, ಕುಮಟಾ, ಗೋಕರ್ಣ ದಾಟಿ ಹೋದ. ಆ ಪ್ರವಾಸದ ಪುಸ್ತಕ 1807ರಲ್ಲಿ ಮೂರು ಸಂಪುಟದಲ್ಲಿ ಬಂತು.

ಆ ಪುಸ್ತಕದಲ್ಲಿ ನಮ್ಮ ಜಿಲ್ಲೆಯ ಕಾಡಿನ ಬಗ್ಗೆ ಒಂದು ಸಣ್ಣ ಟಿಪ್ಪಣಿ ಇದೆ. ಸಾರಾಂಶ ಹೇಳ್ತೀನಿ. ಇಲ್ಲಿನ ಕಾಡು ಆಯಾ ಊರಿನ ದೇವರ ಸ್ವತ್ತಂತೆ. ಮರ ಕಡಿಯಬೇಕು ಅಂದ್ರೆ ಊರಿನ ಗೌಡನನ್ನ ಕೇಳಬೇಕು. ಯಾಕಂದ್ರೆ ಗೌಡನ ಮನೆತನವೇ ಆ ದೇವರ ಪೂಜಾರಿ. ಗೌಡ ದೇವರ ಹತ್ರ ಅಪ್ಪಣೆ ಕೇಳ್ತಾನೆ. ಅಪ್ಪಣೆಗೆ ದೇವರು ಏನೂ ತಗೊಳ್ಳಲ್ಲ. ಫೀಸ್ ಇಲ್ಲ. ಆದ್ರೆ ಕೇಳದೆ ಕಡಿದ್ರೆ ಮಾತ್ರ ಕಡಿದವನಿಗೆ ಕೇಡು ತಪ್ಪಲ್ಲ.

ನಾನು ಓದಿದ್ದು ಬಿಕಾಂ. ನಮಗೆ ಕಲಿಸಿದ ಪಾಠದಲ್ಲಿ ಪರ್ಮಿಶನ್ ಅಂದ್ರೆ ಲೈಸೆನ್ಸ್, ಲೈಸೆನ್ಸ್ ಅಂದ್ರೆ ಫೀಸ್, ಫೀಸ್ ಅಂದ್ರೆ ಆದಾಯ. ದುಡ್ಡಿಲ್ಲದೆ, ಬರೀ ಕೇಳೋದೇ ಕಡ್ಡಾಯ ಆಗಿರೋ ವ್ಯವಸ್ಥೆ ಯಾವ ಬ್ಯಾಲೆನ್ಸ್ ಶೀಟಲ್ಲೂ ಕೂರಲ್ಲ. ಬುಕಾನನ್‌ಗೂ ಅದು ಜೀರ್ಣ ಆಗಲಿಲ್ಲ. ಇದೆಲ್ಲಾ ಸರ್ಕಾರ ಈ ಆಸ್ತಿ ತನ್ನದು ಅನ್ನದೇ ಇರಲಿ ಅಂತ ಜನ ಹೂಡಿರೋ ಉಪಾಯ ಅಂತ ತೀರ್ಪು ಕೊಟ್ಟುಬಿಟ್ಟ. ಆ ಒಂದು ಅನುಮಾನ ಮುಂದಿನ ಇನ್ನೂರು ವರ್ಷ ಈ ಕಾಡುಗಳ ಹಣೆಬರಹ ಬರೀತು ಅಂತ ನನಗನಿಸುತ್ತೆ.

ಮುಂದೆ ಹೋಗೋ ಮೊದಲು ಒಂದು ಪದ ಗೊತ್ತಿರಬೇಕು. ಕಾನು. ಬೆಂಗಳೂರಲ್ಲಿ ನಾವು ಮರ ಇರೋ ಎಲ್ಲಾ ಜಾಗಕ್ಕೂ ಕಾಡು ಅಂತೀವಿ. ಉತ್ತರ ಕನ್ನಡದಲ್ಲಿ ಹಾಗಲ್ಲ. ಅಡಿಕೆ ತೋಟಕ್ಕೆ ಸೊಪ್ಪು ತರೋದು ಬೆಟ್ಟದಿಂದ, ಅದು ಸೊಪ್ಪಿನ ಬೆಟ್ಟ. ಹುಲ್ಲು ಬೆಳೆಯೋ, ದನ ಮೇಯೋ ಜಾಗ ಬೇಣ. ಕಾನು ಅಂದ್ರೆ ಇವೆರಡೂ ಅಲ್ಲದ, ವರ್ಷಪೂರ್ತಿ ಹಸಿರಾಗಿರೋ, ಮಧ್ಯಾಹ್ನವೂ ಮಬ್ಬಾಗಿರೋ, ಒಳಗೆ ಎಲ್ಲೋ ಒಂದು ನೀರಿನ ಸೆಲೆ ಇರೋ ದಟ್ಟ ಕಾಡು. ಕಾನಸೂರು, ಕತ್ತಲೆಕಾನು, ಕರಿಕಾನು ಹೀಗೆ ಹೆಸರುಗಳಲ್ಲೇ ಅದು ಉಳಿದಿದೆ. ಹೊನ್ನಾವರದ ನೀಲಕೋಡಿನ ಹತ್ರ ಗುಡ್ಡದ ಮೇಲೆ ಕರಿಕಾನಮ್ಮ ಇದ್ದಾಳಲ್ಲ, ಆ ಹೆಸರು ಬಿಡಿಸಿ ನೋಡಿ. ಕರಿ ಕಾನ ಅಮ್ಮ. ಕಾಡಿಗೆ ದೇವಿಯ ಹೆಸರು ಇಟ್ಟಿದ್ದಲ್ಲ, ದೇವಿಗೇ ಕಾಡಿನ ಹೆಸರು ಬಂದಿದೆ.

ಕಾನಿನೊಳಗೆ ಯಾರ್ಯಾರು ಇರ್ತಾರೆ? ಜಟ್ಗ, ಚೌಡಿ, ಮಾಸ್ತಿ, ಭೂತಪ್ಪ, ನಾಗ, ಹುಲಿದೇವರು. ಗುಡಿ ಇಲ್ಲ, ಗೋಪುರ ಇಲ್ಲ. ಒಂದು ಕಲ್ಲು, ಒಂದು ಮರದ ಬುಡ, ಒಂದು ಹುತ್ತ. ದೀಪಾವಳಿ ಹೊತ್ತಿಗೆ ದನಕರು ಸುಖವಾಗಿರಲಿ ಅಂತ ಹುಲಿಯಪ್ಪನಿಗೆ ಕಾಯಿ ಒಡೀತಾರೆ. ಇದನ್ನ ಸ್ವಲ್ಪ ಯೋಚನೆ ಮಾಡಿ. ದನ ತಿನ್ನೋ ಹುಲಿಗೇ ಹೋಗಿ ದನ ಕಾಯಪ್ಪ ಅಂತ ಕೇಳ್ಕೊಳ್ಳೋದು. ಇದರಲ್ಲಿ ಹುಲಿ ಊರಿನ ನೆರೆಯವನು. ಜಗಳಗಂಟ ನೆರೆಯವನು, ಆದ್ರೂ ನೆರೆಯವನು. ಮಾತುಕತೆಗೆ ಸಿಗ್ತಾನೆ. ಚೌಡಿಯೂ ಹಾಗೇ, ಒಲಿದ್ರೆ ಕಾಯ್ತಾಳೆ, ಮುನಿದ್ರೆ ಕಾಡ್ತಾಳೆ. ಕಾಡಿಗೆ ಜೀವ ಇದೆ, ಭಾವನೆ ಇದೆ ಅಂತ ಇವತ್ತು ಇಂಗ್ಲಿಷ್ ಪುಸ್ತಕಗಳು ಹೊಸ ಸುದ್ದಿ ಥರ ಹೇಳ್ತಿವೆ. ಇಲ್ಲಿ ಅದನ್ನ ಯಾರೂ ವಾದ ಮಾಡಿ ಸಾಬೀತು ಮಾಡಕ್ಕೆ ಹೋಗಿರಲಿಲ್ಲ. ಸುಮ್ಮನೆ ಹಾಗೆ ನಡ್ಕೊಳ್ತಿದ್ರು.

ಈ ವ್ಯವಸ್ಥೆಯನ್ನ ನಾನು ಮುದ್ದು ಮಾಡ್ತಿಲ್ಲ. ಅಪ್ಪಣೆ ಕೊಡೋ ಅಧಿಕಾರ ಒಂದು ಮನೆತನದ ಕೈಯಲ್ಲಿ ಅಂದ್ರೆ ಆ ಮನೆಗೆ ಆಗದವರ ಗತಿ ಏನಾಗಿರಬಹುದು ಅಂತ ಊಹಿಸಬಹುದು. ದೇವರ ಬನಕ್ಕೆ ಯಾವ ಹೆಂಗಸರು ಯಾವಾಗ ಬರಬಾರದು ಅನ್ನೋ ಕಟ್ಟುಪಾಡುಗಳೂ ಇದ್ವು, ಹಲವು ಕಡೆ ಇನ್ನೂ ಇವೆ. ಕಾನಿನ ಹೊರಗೆ ಬೆಟ್ಟದ ಇಳಿಜಾರಿನಲ್ಲಿ ಕಾಡು ಕಡಿದು, ಸುಟ್ಟು, ರಾಗಿ ಬಿತ್ತೋ ಕುಮರಿ ಬೇಸಾಯವೂ ನಡೀತಿತ್ತು. ಅಂದ್ರೆ ಜನ ಮರ ಮುಟ್ಟದ ಸಾಧುಗಳಾಗಿರಲಿಲ್ಲ. ಎಲ್ಲಿ ಕಡಿಯಬಹುದು, ಎಲ್ಲಿ ಕೇಳಬೇಕು, ಎಲ್ಲಿ ಕೊಡಲಿ ಒಯ್ಯಲೇಬಾರದು ಅನ್ನೋ ಗಡಿ ಅವರಿಗೆ ಗೊತ್ತಿತ್ತು. ಅಷ್ಟೇ.

ಈಗ ದುಡ್ಡಿನ ವಿಷಯ. ಯಾಕಂದ್ರೆ ಕಾನು ಬರೀ ಭಕ್ತಿಯಿಂದ ಉಳೀತು ಅಂದ್ರೆ ಅರ್ಧ ಕಥೆ.

ಕಾಳುಮೆಣಸು ಬಳ್ಳಿ. ಅದಕ್ಕೆ ಹತ್ತೋಕೆ ಮರ ಬೇಕು, ನೆರಳು ಬೇಕು, ತೇವ ಬೇಕು. ಕಾನಿನಲ್ಲಿ ಮೂರೂ ಇದ್ವು. ಅಲ್ಲಿ ತಾನಾಗಿ ಹಬ್ಬಿದ ಮೆಣಸಿನ ಬಳ್ಳಿಗಳನ್ನ ಜನ ನೋಡ್ಕೊಂಡು ಕೊಯ್ತಿದ್ರು. ಹದಿನಾರನೇ ಶತಮಾನದಲ್ಲಿ ಈ ಮೆಣಸು ಶರಾವತಿಯಲ್ಲಿ ಇಳಿದು ಹೊನ್ನಾವರಕ್ಕೆ, ಇನ್ನೊಂದು ಕಡೆ ಭಟ್ಕಳಕ್ಕೆ ಬಂದು ಹಡಗು ಹತ್ತುತ್ತಿತ್ತು. ಭಟ್ಕಳ ಆಗ ಎಂಥಾ ಬಂದರು ಅಂದ್ರೆ, 1542ರಲ್ಲಿ ಪೋರ್ಚುಗೀಸರು ಬಂದು ಆ ಊರನ್ನ ಸುಟ್ಟು ಹೋದ್ರು. ಮೆಣಸಿಗೆ ಬೆಲೆ ಇಲ್ಲದ ಊರನ್ನ ಯಾರೂ ಅಷ್ಟು ದೂರದಿಂದ ಬಂದು ಸುಡಲ್ಲ.

ಆಮೇಲೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಬರ್ತಾಳೆ. ಸುಮಾರು 1552ರಿಂದ 1606ರವರೆಗೆ, ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಆಳಿದ ಜೈನ ರಾಣಿ. ಪೋರ್ಚುಗೀಸರು ಇವಳನ್ನ ಕರೀತಿದ್ದಿದ್ದೇ ಕಾಳುಮೆಣಸಿನ ರಾಣಿ ಅಂತ. ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯಲ್ಲಿ ನೀವು ರೀಲ್ಸ್ ಮಾಡಿರ್ತೀರಲ್ಲ, ಅದು ಅವಳ ಕೋಟೆ ಅಂತಲೇ ಜನ ಹೇಳೋದು. ಅವಳ ರಾಜಧಾನಿ ಗೇರುಸೊಪ್ಪೆಯಲ್ಲಿ ಈಗ ಉಳಿದಿರೋದು ನಾಲ್ಕು ದಿಕ್ಕಿಗೂ ಬಾಗಿಲಿರೋ ಚತುರ್ಮುಖ ಬಸದಿ, ಒಂದಿಷ್ಟು ಅವಶೇಷ, ಸುತ್ತ ಕಾಡು. ನಗರ ಹೋಗಿ ಕಾಡು ವಾಪಸ್ ಬಂದಿದೆ. ಒಂದು ರಾಜ್ಯದ ಖಜಾನೆ ತುಂಬಿಸಿದ್ದು ಮರ ಕಡಿದು ಮಾರಿದ ದುಡ್ಡಲ್ಲ, ನಿಂತ ಮರದ ಮೇಲೆ ಹಬ್ಬಿದ ಬಳ್ಳಿಯ ದುಡ್ಡು. ನಿಂತಿರೋ ಮರಕ್ಕೆ ಬೆಲೆ ಇದ್ದಾಗ ಕಾನು ಕಾಯೋದು ಭಕ್ತಿಯೂ ಹೌದು, ಬುದ್ಧಿಯೂ ಹೌದು. ಬುಕಾನನ್‌ಗೆ ಇವೆರಡೂ ಒಟ್ಟಿಗೆ ಇರಬಹುದು ಅಂತ ಹೊಳೀಲಿಲ್ಲ.

ಬ್ರಿಟಿಷರಿಗೆ ಬೇಕಾಗಿದ್ದು ಬೇರೆ. ಹಡಗಿಗೆ, ಆಮೇಲೆ ರೈಲು ಹಳಿಗೆ ಮರ. ಮುಖ್ಯವಾಗಿ ತೇಗ. 1862ರಲ್ಲಿ ಉತ್ತರ ಕೆನರಾವನ್ನ ಮದ್ರಾಸಿನಿಂದ ತೆಗೆದು ಬಾಂಬೆ ಪ್ರೆಸಿಡೆನ್ಸಿಗೆ ಸೇರಿಸಿದ್ರು. 1865ರಲ್ಲಿ ಒಂದು ಅರಣ್ಯ ಕಾಯ್ದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. ಕಾಡನ್ನ ಸರ್ವೆ ಮಾಡಿ, ಗೆರೆ ಎಳೆದು, ರಿಸರ್ವ್ ಅಂತ ಘೋಷಿಸಿದ್ರು. ಕುಮರಿಯನ್ನ ಹಂತಹಂತವಾಗಿ ನಿಲ್ಲಿಸಿದ್ರು. ಕಾನುಗಳಲ್ಲಿ ಹೆಚ್ಚಿನವು ಈ ಗೆರೆಯೊಳಗೆ ಸೇರಿ, ಕಾನು ಅನ್ನೋ ಪ್ರತ್ಯೇಕ ಗುರುತನ್ನೇ ಕಳ್ಕೊಂಡ್ವು. ಕೊಡಗಿನಲ್ಲಿ ಹಾಗಾಗಲಿಲ್ಲ ನೋಡಿ. ಅಲ್ಲಿ 1873ರ ಹೊತ್ತಿಗೆ ಎಂಟುನೂರಕ್ಕೂ ಹೆಚ್ಚು ದೇವರಕಾಡುಗಳು ದೇವರಕಾಡು ಅಂತಲೇ ದಾಖಲೆಗೆ ಬಂದ್ವು. ದಾಖಲೆ ಇದ್ದೂ ಅಲ್ಲಿ ಎಷ್ಟೋ ಒತ್ತುವರಿ ಆಗಿವೆ. ಆದ್ರೆ ಇಂಥ ಜಾಗದಲ್ಲಿ ಒಂದಿತ್ತು ಅಂತ ಬೆರಳಿಟ್ಟು ತೋರ್ಸೋಕಾದ್ರೂ ಕಾಗದ ಇದೆ.

ಇದರಲ್ಲಿ ತಮಾಷೆ ಏನು ಗೊತ್ತಾ? ಆ ಅಧಿಕಾರಿಗಳಿಗೆ ಕಾನು ಅಂದ್ರೇನು ಅಂತ ಗೊತ್ತಿತ್ತು. 1888ರಲ್ಲಿ ವಿಂಗೇಟ್ ಅನ್ನೋ ಫಾರೆಸ್ಟ್ ಸೆಟ್ಲ್‌ಮೆಂಟ್ ಆಫೀಸರ್ ಕಾನುಗಳ ಬಗ್ಗೆ ಬರೆದ. ಅವು ಇರೋ ಕಡೆ ನೀರಿನ ಸೆಲೆ ಬತ್ತಲ್ಲ, ಪಕ್ಕದ ಅಡಿಕೆ, ಯಾಲಕ್ಕಿ, ಮೆಣಸಿನ ತೋಟಕ್ಕೆ ತಂಪು ಮತ್ತು ತೇವ ಸಿಗೋದು ಅವುಗಳಿಂದ ಅನ್ನೋ ಅರ್ಥದ ಮಾತು. ಸರಿಯಾಗೇ ನೋಡಿದ್ದ. ನೋಡಿಯೂ ಅವುಗಳನ್ನ ಕಾಯ್ತಿದ್ದವರ ಕೈಯಿಂದ ತೆಗೆದದ್ದು ಅದೇ ವ್ಯವಸ್ಥೆ.

ಇನ್ನೊಂದು ತಮಾಷೆ ಇದೆ, ಇದು ಕಾನೂನಿನದು. ನಮ್ಮ ದೇಶದ ಕೋರ್ಟುಗಳಲ್ಲಿ ದೇವರು ಒಬ್ಬ ವ್ಯಕ್ತಿ. ನಿಜವಾಗ್ಲೂ. ದೇವಸ್ಥಾನದ ವಿಗ್ರಹಕ್ಕೆ ಆಸ್ತಿ ಇರಬಹುದು, ಅದು ಕೇಸ್ ಹಾಕಬಹುದು, ಅದರ ಪರವಾಗಿ ಒಬ್ಬ ಮೇಲ್ವಿಚಾರಕ ಬಂದು ನಿಲ್ಲಬಹುದು. 1925ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಕಲ್ಕತ್ತಾದ ಮಲ್ಲಿಕ್ ಕುಟುಂಬದ ಕೇಸಲ್ಲಿ ಇದನ್ನ ಒಪ್ಪಿ, ವಿಗ್ರಹವನ್ನ ಮನಸ್ಸಿಗೆ ಬಂದಲ್ಲಿಗೆ ಒಯ್ಯೋ ಸಾಮಾನಿನ ಹಾಗೆ ನೋಡೋಕಾಗಲ್ಲ, ಅದರ ಇಚ್ಛೆಯನ್ನೂ ಗೌರವಿಸಬೇಕು ಅಂದಿತು. ಶ್ರೀಮಂತರ ಮನೆಯ ವಿಗ್ರಹಕ್ಕೆ ಇಚ್ಛೆ ಇದೆ. ಹೊನ್ನಾವರದ ಕಾನಿನಲ್ಲಿ ಕಲ್ಲಾಗಿ ಕೂತಿರೋ ಜಟ್ಗನಿಗೂ ಚೌಡಿಗೂ ಇಚ್ಛೆ ಇಲ್ಲ, ಪಹಣಿಯೂ ಇಲ್ಲ. ಎರಡೂ ದೇವರೇ. ವ್ಯತ್ಯಾಸ ಇಷ್ಟೇ: ಒಬ್ಬರ ಹತ್ರ ಗೋಡೆ, ಛಾವಣಿ, ಕಾಗದ ಇತ್ತು, ಇನ್ನೊಬ್ಬರ ಹತ್ರ ಮರ ಇತ್ತು.

ಎಲ್ಲಾ ಕಡೆ ಸೋತದ್ದೇ ಕಥೆ ಅಂದುಕೊಳ್ಳಬೇಡಿ. ಕುಮಟಾ ಪೇಟೆಗೆ ಹತ್ತಿರದಲ್ಲೇ ಹಳಕಾರ ಅಂತ ಊರಿದೆ. ನನ್ನ ಲೆಕ್ಕದಲ್ಲಿ ಈ ಎಪಿಸೋಡಿನ ಹೀರೋ ಈ ಊರು.

ರಿಸರ್ವ್ ಅರಣ್ಯದ ನಿಯಮಗಳಿಂದ ಕರಾವಳಿ ಜನರಿಗೆ ಆಗಿದ್ದ ತೊಂದರೆ ವಿಚಾರಣೆ ಮಾಡೋಕೆ 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಅನ್ನೋ ಅಧಿಕಾರಿಯನ್ನ ನೇಮಿಸಿದ್ರು. ಆತ ಸುತ್ತಾಡಿ ನೋಡಿದಾಗ ಕುಮಟಾ ತಾಲ್ಲೂಕಿನ ಹಳಕಾರ, ಚಿತ್ರಗಿ, ಕಲ್ಲಬ್ಬೆಯಂಥ ಊರುಗಳಲ್ಲಿ ಜನ ತಮ್ಮ ಕಾಡನ್ನ ತಾವೇ ಚೆನ್ನಾಗಿ ಕಾಯ್ಕೊಂಡು ಬಂದಿದ್ರು. ಇಲಾಖೆ ಕಾಯ್ತಿದ್ದ ಪಕ್ಕದ ಗುಡ್ಡಗಳಿಗಿಂತ ಅವು ಚೆನ್ನಾಗಿದ್ವು. ಬುಕಾನನ್ ಉಪಾಯ ಅಂದಿದ್ದನ್ನ ಈತ ಒಳ್ಳೆ ನಿರ್ವಹಣೆ ಅಂದ. ಅದೇ ದಶಕದಲ್ಲಿ ಈ ಊರುಗಳಿಗೆ ಕಾಯ್ದೆ ಪ್ರಕಾರವೇ ಗ್ರಾಮ ಅರಣ್ಯ ಪಂಚಾಯತಿ ಸಿಕ್ತು.

ಹಳಕಾರದ ಕಾಡು ಇನ್ನೂರು ಎಕರೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ದೊಡ್ಡದೇನಲ್ಲ. ಅದರ ಆಡಳಿತ ಹೇಗೆ ಅಂತ ಕೇಳಿ, ಕಾಮರ್ಸ್ ಹುಡುಗರಿಗೆ ಖುಷಿಯಾಗುತ್ತೆ. ಊರಿನ ಮನೆಗಳು ವರ್ಷಕ್ಕೆ ಇಷ್ಟು ಅಂತ ವಂತಿಗೆ ಕೊಡ್ತವೆ. ಆ ದುಡ್ಡಲ್ಲಿ ಕಾವಲುಗಾರನಿಗೆ ಸಂಬಳ. ಆರಿಸಿ ಬಂದ ಸಮಿತಿ ಇದೆ. ದರಕು ಅಂದ್ರೆ ಒಣ ಎಲೆ, ಸೌದೆ, ಇವನ್ನ ಯಾವಾಗ, ಎಷ್ಟು ತರಬಹುದು ಅನ್ನೋದಕ್ಕೆ ನಿಯಮ ಇದೆ. ತಪ್ಪಿದ್ರೆ ದಂಡ. ನೋಡಿ, ದೇವರ ಅಪ್ಪಣೆ ಇದ್ದ ಜಾಗಕ್ಕೆ ರಶೀದಿ ಪುಸ್ತಕ ಬಂದಿದೆ. ಆದ್ರೆ ಮೂಲ ಗುಣ ಹೋಗಿಲ್ಲ. ಕೇಳಬೇಕು. ಕೇಳಬೇಕಾದವರು ದೂರದ ಆಫೀಸಿನಲ್ಲಿಲ್ಲ, ಕೂಗಳತೆಯಲ್ಲೇ ಇದ್ದಾರೆ.

ಸ್ವಾತಂತ್ರ್ಯ ಬಂತು, ರಾಜ್ಯಗಳು ಭಾಷೆ ಪ್ರಕಾರ ವಿಂಗಡಣೆ ಆದ್ವು, 1956ರಲ್ಲಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ನಮ್ಮದೇ ಸರ್ಕಾರ ಈ ಅರಣ್ಯ ಪಂಚಾಯತಿಗಳನ್ನ ರದ್ದು ಮಾಡೋಕೆ ಹೊರಟಿತು. ಹಳಕಾರದವರು ಕೋರ್ಟಿಗೆ ಹೋದ್ರು, ತಡೆಯಾಜ್ಞೆ ತಂದ್ರು, ಕಾಡು ಉಳಿಸ್ಕೊಂಡ್ರು. ಚಿತ್ರಗಿಯಲ್ಲಿ ಪಂಚಾಯತಿ ಹೋಯ್ತು. ಅದರ ಹಿಂದೆಯೇ, ನೋಡ್ತಾ ನೋಡ್ತಾ ಕಾಡೂ ಹೋಯ್ತು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಎರಡೂ ಒಂದೇ ತಾಲ್ಲೂಕು, ಒಂದೇ ಮಳೆ, ಒಂದೇ ಥರದ ಜನ. ಇನ್ನು ನಮ್ಮದಲ್ಲ ಅಂತ ಗೊತ್ತಾದ ದಿನ ಜನರೇ ಕತ್ತಿ ಹಿಡಿದು ಹೊರಟ್ರು. ಕಾಯ್ತಿದ್ದ ಕೈಗಳೇ ಕಡಿದ್ವು. ಇದನ್ನ ಓದಿದಾಗ ನನಗೆ ಕೋಪ ಬರಲಿಲ್ಲ. ತಿಂಗಳ ಕೊನೆಗೆ ಮುಚ್ಚೋ ಅಂಗಡಿಯಲ್ಲಿ ಸ್ಟಾಕ್ ಹೇಗೆ ಖಾಲಿ ಆಗುತ್ತೆ ಅಂತ ಗೊತ್ತಿದ್ದವರಿಗೆ ಅರ್ಥ ಆಗುತ್ತೆ.

ಅದೇ ಹೊತ್ತಿಗೆ ಸರ್ಕಾರ ಘಟ್ಟದ ಮೇಲೆ ಏನು ಮಾಡ್ತಿತ್ತು ನೋಡಿ. ದಾಂಡೇಲಿಯಲ್ಲಿ ಪ್ಲೈವುಡ್ ಕಾರ್ಖಾನೆ, ಪೇಪರ್ ಮಿಲ್ಲು ಬಂದ್ವು. ಕಾನಿನ ದೊಡ್ಡ ಮರಗಳು ಪ್ಲೈವುಡ್ಡಿಗೆ ಹೋದ್ವು. ಪೇಪರ್ ಮಿಲ್ಲಿಗೆ ಬಿದಿರನ್ನ ಕೊಟ್ಟ ದರ ಒಂದು ಟನ್ನಿಗೆ 1 ರೂಪಾಯಿ 50 ಪೈಸೆ. ಇನ್ನೊಂದ್ಸಲ ಹೇಳ್ತೀನಿ, ಒಂದು ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ ಹೆಣೆಯೋರು ಪೇಟೆಯಲ್ಲಿ ಬಿದಿರಿಗೆ ಕೊಡ್ತಿದ್ದ ಬೆಲೆ ಇದರ ನೂರಾರು ಪಟ್ಟು. ದೇವರು ಅಪ್ಪಣೆಗೆ ಫೀಸ್ ತಗೊಳ್ತಿರಲಿಲ್ಲ ಅಂದೆನಲ್ಲ, ಸರ್ಕಾರವೂ ಹೆಚ್ಚುಕಮ್ಮಿ ಅದನ್ನೇ ಮಾಡ್ತು. ಆದ್ರೆ ದೇವರ ಹತ್ರ ಕೇಳೋದು ಒಂದು ಮನೆಗೆ ತೊಲೆ, ಒಂದು ನೇಗಿಲಿಗೆ ಮರ. ಇಲ್ಲಿ ಲಾರಿ ಲೆಕ್ಕ. ಕೊನೆಗೆ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತ್ರು. ಅಪ್ಪಿಕೋ ಚಳವಳಿ. ಅದಕ್ಕೇ ಒಂದು ಪೂರ್ತಿ ಎಪಿಸೋಡ್ ಬೇಕು, ಇವತ್ತು ಬೇಡ.

ಇಷ್ಟೆಲ್ಲಾ ಆದಮೇಲೂ ಕಾನಿನಲ್ಲಿ ಏನು ಉಳಿದಿದೆ ಅಂತ ಹುಡುಕಿದವರಲ್ಲಿ ಮುಖ್ಯರು ಡಾ. ಎಂ.ಡಿ. ಸುಭಾಷ್ ಚಂದ್ರನ್. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಬಾಟನಿ ಪಾಠ ಮಾಡ್ತಿದ್ದವರು. ಗಾಡ್ಗೀಳ್ ಜೊತೆ ಸೇರಿ ಕಾನುಗಳ ಬಗ್ಗೆ ಬರೆದ್ರು. ಕರಿಕಾನಮ್ಮನ ಗುಡ್ಡದಲ್ಲಿ ಡಿಪ್ಟೆರೋಕಾರ್ಪಸ್ ಇಂಡಿಕಸ್ ಅನ್ನೋ ಭಾರೀ ಮರಗಳ ಗುಂಪು ನಿಂತಿದೆ. ಈ ಜಾತಿ ಇಷ್ಟು ಉತ್ತರದಲ್ಲಿ ಸಿಗೋದೇ ಅಪರೂಪ. ಸುತ್ತಲ ಗುಡ್ಡಗಳಲ್ಲಿ ಇಲ್ಲದ್ದು ಅಮ್ಮನ ಕಾನಿನಲ್ಲಿ ಇದೆ ಅಂದ್ರೆ, ಅವಳ ಹೆಸರಿಗೆ ಜನ ಕೊಟ್ಟ ಮರ್ಯಾದೆ ಅಲ್ಲಿ ಮರವಾಗಿ ನಿಂತಿದೆ ಅಂತ ತಿಳ್ಕೊಳ್ಳಿ.

ಗೇರುಸೊಪ್ಪೆ ಘಟ್ಟ ಹತ್ತಿ ಸಿದ್ದಾಪುರ ತಾಲ್ಲೂಕಿಗೆ ಕಾಲಿಟ್ರೆ ಕತ್ತಲೆಕಾನು. ಅಲ್ಲಿ ತೊರೆಯ ಪಕ್ಕ ಜಾಯಿಕಾಯಿ ಕುಟುಂಬದ ಮರಗಳ ಜೌಗು ಇದೆ. ನೀರು ನಿಂತ ಕೆಸರಲ್ಲಿ ಉಸಿರಾಡೋಕೆ ಆ ಮರಗಳು ಬೇರನ್ನ ಮಂಡಿ ಮಡಚಿದ ಹಾಗೆ ಮೇಲಕ್ಕೆ ಎತ್ತಿ ಮತ್ತೆ ಕೆಳಗೆ ಇಳಿಸ್ತವೆ. ಹೂ ಬಿಡೋ ಸಸ್ಯಗಳಲ್ಲಿ ಬಹಳ ಹಳೇ ವಂಶ ಇದು. ಇದೇ ಜೌಗಿನಲ್ಲಿ ಗೇರು ಕುಟುಂಬದ ಒಂದು ದೊಡ್ಡ ಮರ, ಜಗತ್ತಿಗೆ ಹೆಸರೇ ಗೊತ್ತಿಲ್ಲದ್ದು, ಸಿಕ್ತು. 2000ನೇ ಇಸವಿಯಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೆಸರಿಟ್ರು. ಲ್ಯಾಟಿನ್ ಹೆಸರಿನೊಳಗೆ ಕನ್ನಡದ ಕತ್ತಲೆ, ಕನ್ನಡದ ಕಾನು. ಪಾಸ್‌ಪೋರ್ಟ್ ಸಿಕ್ಕಿದ ಹಾಗೆ.

ಮರಗಳು ಒಂದಕ್ಕೊಂದು ಮಾತಾಡ್ತವಾ? ಈ ಪ್ರಶ್ನೆ ಕಾಮೆಂಟ್‌ನಲ್ಲಿ ಬಂದೇ ಬರುತ್ತೆ, ಈಗಲೇ ಮುಗಿಸೋಣ. 1997ರಲ್ಲಿ ಕೆನಡಾದ ಸುಜಾನ್ ಸಿಮಾರ್ಡ್, ಎರಡು ಬೇರೆ ಜಾತಿಯ ಮರಗಳ ನಡುವೆ ಕಾರ್ಬನ್ ಆ ಕಡೆ ಈ ಕಡೆ ಸಾಗುತ್ತೆ ಅಂತ ಪ್ರಯೋಗದಿಂದ ತೋರಿಸಿದ್ರು. ಬೇರಿಗೆ ಅಂಟಿದ ಶಿಲೀಂಧ್ರದ ಎಳೆಗಳೇ ಅದಕ್ಕೆ ದಾರಿ ಅನ್ನೋದು ಅವರ ವಾದ. ಅಲ್ಲಿಂದ ತಾಯಿಮರ ತನ್ನ ಮಕ್ಕಳನ್ನ ಸಾಕುತ್ತೆ ಅನ್ನೋ ಮಾತು ಹಬ್ಬಿತು. 2023ರಲ್ಲಿ ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು, ಜಸ್ಟಿನ್ ಕಾರ್ಸ್ಟ್ ಮತ್ತು ಜೊತೆಗಾರರು, ಕಾಡಿನಲ್ಲಿ ಸಿಕ್ಕಿರೋ ಸಾಕ್ಷಿಗಿಂತ ಕಥೆ ಬಹಳ ಮುಂದೆ ಓಡಿದೆ ಅಂತ ಲೇಖನ ಬರೆದ್ರು. ಚರ್ಚೆ ನಡೀತಾ ಇದೆ. ನನಗೆ ಅನ್ಸೋದು, ಕಾಡನ್ನ ಗೌರವಿಸೋಕೆ ಈ ಕೇಸು ಇತ್ಯರ್ಥ ಆಗೋವರೆಗೆ ಕಾಯಬೇಕಾಗಿಲ್ಲ. ಪಕ್ಕದ ಮನೆಯವರ ತಲೆಯೊಳಗೆ ಏನು ಓಡ್ತಿದೆ ಅಂತ ಸ್ಕ್ಯಾನ್ ಮಾಡಿಸಿ ನಾವು ಅವರ ಗೇಟ್ ತಟ್ಟಲ್ಲ.

ತಾಯಿಮರ ಅಂದ ಮೇಲೆ ತುಳಸಿ ಗೌಡ ಅವರ ಹೆಸರು ಹೇಳದೆ ಹೋಗೋಕಾಗಲ್ಲ. ಕುಮಟಾದ ಪಕ್ಕದ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯವರು, ಹಾಲಕ್ಕಿ ಒಕ್ಕಲಿಗರು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಂದಿನಿಂದ ಅಮ್ಮನ ಜೊತೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ. ಯಾವ ಮರದ ಬೀಜ ಆರಿಸಿದ್ರೆ ಸಸಿ ಚೆನ್ನಾಗಿ ಬರುತ್ತೆ ಅನ್ನೋದು, ಅಂದ್ರೆ ತಾಯಿಮರ ಗುರುತಿಸೋದು, ಅವರ ವಿದ್ಯೆ. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ತಗೊಂಡ ಅಜ್ಜಿಯ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡ್ರು.

ಆ ಫೋಟೋ ಲೈಕ್ ಮಾಡಿದ ನಮಗೆಲ್ಲಾ ಗೊತ್ತಿಲ್ಲದ ಒಂದು ಲೆಕ್ಕ ಇದೆ. ಹಾಲಕ್ಕಿ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ವರ್ಷಗಳಿಂದ ಕೇಳ್ತಾನೇ ಇದ್ದಾರೆ. ಪಟ್ಟಿಯಲ್ಲಿ ಇಲ್ಲದಿದ್ರೆ 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಅವರು ಇತರೆ ಪಾರಂಪರಿಕ ಅರಣ್ಯವಾಸಿಗಳು. ಹಾಗಂದ್ರೆ 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷ, ಆ ಕಾಡನ್ನ ನೆಚ್ಚಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. 1930ರ ಸಾಕ್ಷಿ! ದೇವರ ಅಪ್ಪಣೆ ಬಾಯಿಮಾತಿನಲ್ಲಿ ಆಗ್ತಿತ್ತು ಸ್ವಾಮಿ, ಅದಕ್ಕೆ ಸೀಲು ಎಲ್ಲಿಂದ ತರೋದು? ಹಿರಿಯರ ಹೇಳಿಕೆಯನ್ನೂ ಸಾಕ್ಷಿ ಅಂತ ಒಪ್ಪಬೇಕು ಅಂತ ನಿಯಮದಲ್ಲೇ ಇದೆ. ಟೇಬಲ್ ಮುಂದೆ ನಿಂತಾಗ ಕೇಳೋದು ಮಾತ್ರ ಕಾಗದ.

ಕೇಳೋ ಪದ್ಧತಿ ಹೋದಮೇಲೆ ಏನಾಗುತ್ತೆ ಅನ್ನೋದಕ್ಕೆ ಉಪ್ಪಾಗೆ ಉದಾಹರಣೆ. ಕರಾವಳಿಯವರು ಮೀನು ಸಾರಿಗೆ ಹುಳಿ ಹಾಕೋ ಕಾಡುಹಣ್ಣು. 1990ರ ದಶಕದಲ್ಲಿ ಅದರಿಂದ ತೂಕ ಇಳಿಸೋ ಮಾತ್ರೆ ಮಾಡಬಹುದು ಅಂತ ವಿದೇಶದಲ್ಲಿ ಬೇಡಿಕೆ ಬಂತು, ಬೆಲೆ ಏರಿತು. ನಾನು ಕೊಯ್ಯದಿದ್ರೆ ಇನ್ನೊಬ್ಬ ಕೊಯ್ತಾನೆ ಅಂತ ಹಣ್ಣಾಗೋ ಮೊದಲೇ ಕಾಯಿ ಕಿತ್ತರು, ಮಳೆಗಾಲದಲ್ಲಿ ಅದನ್ನ ಒಣಗಿಸೋಕೆ ಕಾಡಿನದೇ ಸೌದೆ ಉರಿಸಿದ್ರು. ಅದೇ ಕಾಡಿನ ಹಣ್ಣು ನೆಚ್ಚಿ ಸಿಂಗಳೀಕಗಳು ಬದುಕ್ತವೆ. ಈ ಮಂಗಗಳ ದೊಡ್ಡ ಬಳಗ ಹೊನ್ನಾವರ ಮತ್ತು ಸಿದ್ದಾಪುರದ ಕಾಡಲ್ಲಿದೆ. ಅವಕ್ಕಾಗಿ ಅಘನಾಶಿನಿ ಸಂರಕ್ಷಣಾ ಮೀಸಲು ಪ್ರದೇಶ ಆಯ್ತು, 2019ರಲ್ಲಿ ಶರಾವತಿ ಸಿಂಗಳೀಕ ಅಭಯಾರಣ್ಯ ಆಯ್ತು. ಅದೇ ಅಭಯಾರಣ್ಯದಲ್ಲಿ ಈಗ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಮೇಲೆ ಸಾಗರ ತಾಲ್ಲೂಕಿನ ತಲಕಳಲೆ, ಕೆಳಗೆ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ ಜಲಾಶಯ, ನಡುವೆ ಸುರಂಗ. ಕರೆಂಟ್ ಬೇಕು ಅನ್ನೋದು ನಿಜ, ನಾನು ಈ ಮೈಕ್ ಆನ್ ಮಾಡಿರೋದೇ ಕರೆಂಟಿಂದ. ಆದ್ರೆ ಅನುಮತಿ ಕೇಳೋ ಕಡತ ಎಲ್ಲೆಲ್ಲಿಗೆ ಹೋಗುತ್ತೆ ನೋಡಿ. ಬೆಂಗಳೂರು, ದಿಲ್ಲಿ. ಗೇರುಸೊಪ್ಪೆಯವರ ಸರದಿ ಬರೋದು ಒಂದು ಸಾರ್ವಜನಿಕ ಅಹವಾಲು ಸಭೆಯ ದಿನ, ಆಗಲೂ ಅವರು ಹೇಳಬಹುದು ಅಷ್ಟೇ, ಅಪ್ಪಣೆ ಕೊಡೋರು ಅವರಲ್ಲ.

ಬೇರೆ ದಾರಿಯೇ ಇಲ್ವಾ? ನ್ಯೂಜಿಲೆಂಡಿನಲ್ಲಿ ತೆ ಉರೆವೆರಾ ಅನ್ನೋ ದೊಡ್ಡ ಕಾಡಿದೆ. ಮೊದಲು ಸರ್ಕಾರದ ನ್ಯಾಷನಲ್ ಪಾರ್ಕ್. 2014ರಲ್ಲಿ ಕಾಯ್ದೆ ತಂದು ಆ ಕಾಡನ್ನೇ ಕಾನೂನಿನ ವ್ಯಕ್ತಿ ಅಂತ ಘೋಷಿಸಿದ್ರು. ಈಗ ಅದು ಯಾರ ಆಸ್ತಿಯೂ ಅಲ್ಲ. ಅದರ ಪರವಾಗಿ ಮಾತಾಡೋಕೆ ಒಂದು ಮಂಡಳಿ, ಅದರಲ್ಲಿ ಅಲ್ಲಿನ ಮೂಲನಿವಾಸಿ ತುಹೋಯಿ ಜನರದ್ದೇ ಹೆಚ್ಚು ಪಾಲು. ನಮ್ಮಲ್ಲಿ 2017ರಲ್ಲಿ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಗೆ ಇಂಥದ್ದೇ ಸ್ಥಾನ ಕೊಟ್ಟಿತು, ಕೆಲವೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನದಿಯಲ್ಲಿ ಪ್ರವಾಹ ಬಂದ್ರೆ ನಷ್ಟಕ್ಕೆ ಯಾರ ಮೇಲೆ ಕೇಸ್ ಹಾಕೋದು ಅನ್ನೋದು ಅಲ್ಲಿನ ಸರ್ಕಾರದ ತಕರಾರು. ಆ ಪ್ರಶ್ನೆ ಕೇಳಿ ನನಗೆ ಹುಲಿಯಪ್ಪ ನೆನಪಾದ. ದನ ತಿಂದ ಹುಲಿಯ ಮೇಲೆ ಕೇಸ್ ಹಾಕದೆ ಕಾಯಿ ಒಡೆದು ರಾಜಿ ಮಾಡ್ಕೊಂಡ ಊರುಗಳು ನಮ್ಮವು.

ಒಂದು ಕೊನೇ ವಿಷಯ, ಇದು ಸ್ವಲ್ಪ ಕಹಿ. ಕಾನನ್ನ ಕಳೆದದ್ದು ಬ್ರಿಟಿಷರು, ಇಲಾಖೆ, ಕಾರ್ಖಾನೆ ಅಷ್ಟೇ ಅಲ್ಲ. ಕಲ್ಲಾಗಿದ್ದ ಊರದೇವರಿಗೆ ನಾವೇ ಗುಡಿ ಕಟ್ತಿದ್ದೀವಿ. ಹೊಸ ಸಂಸ್ಕೃತ ಹೆಸರು, ಸ್ಲ್ಯಾಬು, ಟೈಲ್ಸು, ಪಾರ್ಕಿಂಗ್. ಕರಿಕಾನಮ್ಮ ಕರಿಕಾನ ಪರಮೇಶ್ವರಿ ಆದ್ರೂ ಅವಳ ಸುತ್ತ ಕಾನು ಉಳಿದಿದೆ, ಅದು ಅದೃಷ್ಟ. ಎಷ್ಟೋ ಕಡೆ ಗುಡಿ ದೊಡ್ಡದಾಗ್ತಾ ಬನ ಎರಡು ಮರಕ್ಕೆ ಬಂದು ನಿಂತಿದೆ. ದೇವರಿಗೆ ಕೊನೆಗೂ ಗೋಡೆ, ಛಾವಣಿ, ಟ್ರಸ್ಟ್, ಬ್ಯಾಂಕ್ ಅಕೌಂಟ್ ಎಲ್ಲಾ ಸಿಕ್ತು. ಮರದ ಅಪ್ಪಣೆ ಕೇಳೋಕೆ ಬರೋರೇ ಇಲ್ಲ.

ನೀವು ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಾದ್ರೆ ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ ಜಟ್ಗನ ಬನ, ಚೌಡಿಕಾನು, ಹುಲಿದೇವರ ಜಾಗ ಇದ್ರೆ ಹಿರಿಯರನ್ನ ಕೇಳಿ ಒಂದು ವಾಯ್ಸ್ ನೋಟ್ ಕಳಿಸಿ. ಬನದ ಹೆಸರೇನು, ಪೂಜೆ ಯಾರ ಮನೆಯವರದು, ಮರಕ್ಕೆ ಕೊನೇ ಸಲ ಅಪ್ಪಣೆ ಕೇಳಿದ್ದು ಯಾವಾಗ. ಆ ಸರ್ವೆ ನಂಬರಿನ ಪಹಣಿ ಫೋನಿನಲ್ಲೇ ನೋಡಬಹುದು, ಅದರಲ್ಲಿ ಯಾರ ಹೆಸರಿದೆ ಅಂತಲೂ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಾಲ್ಕಣಿಗೆ ಹೋಗೋಣ.